ಮನೆಯ ದೂರವಾಣಿ ಪೆಟ್ಟಿಗೆಗೆ ಕಾವಲಿದೆಯೇ?

ಯಂತ್ರಗಳಲ್ಲಿ ಕಾಣಿಸಿಕೊಳ್ಳುವ ದೋಷಗಳು ಎರಡು ಬಗೆಯವು. ಮೊದಲನೆಯ ಬಗೆಯ ದೋಷ ತನ್ನ ಇರವನ್ನು ತಾನೇ ಸಾರುತ್ತದೆ. ಪಂಪು ನೀರೆತ್ತದಿದ್ದರೆ, ರೇಡಿಯೋ ದನಿಗೊಡದಿದ್ದರೆ, ದೀಪ ಹೊತ್ತದಿದ್ದರೆ ಏನೋ ಕೆಟ್ಟಿದೆಯೆಂಬುದು ಮನೆಯ ಮಗುವಿಗೂ ತಿಳಿಯುತ್ತದೆ. ಎರಡನೆಯ ಬಗೆಯ ದೋಷ ಮೌನವಾದುದು. ಯಂತ್ರವು ತನ್ನ ನಿತ್ಯದ ಕೆಲಸವನ್ನೆಲ್ಲ ಒಪ್ಪವಾಗಿ ನಡೆಸುತ್ತಿರುತ್ತದೆ; ಆದರೆ ಮಾಡಬೇಕಾದ ಒಂದು ಕಾರ್ಯವನ್ನು ಮಾತ್ರ ಮಾಡುತ್ತಿರುವುದಿಲ್ಲ. ಆ ಕೊರತೆ ನಮ್ಮ ಅರಿವಿಗೆ ಬರುವುದು ನಷ್ಟವಾದ ಬಳಿಕವೇ.

ಅಂತರಜಾಲದ ಮೂಲಕ ಮಾತನ್ನು ಸಾಗಿಸುವ ಮನೆಯ ದೂರವಾಣಿ ಪೆಟ್ಟಿಗೆಗೆ ಗುಪ್ತಪದದ ಕಾವಲು ಇಲ್ಲದಿರುವುದು ಈ ಎರಡನೆಯ ಬಗೆಯ ದೋಷ. ಎಲ್ಲರೂ ಪಾಸ್‌ವರ್ಡ್ ಎಂದು ಕರೆಯುವುದನ್ನೇ ನಾವು ಇಲ್ಲಿ ಗುಪ್ತಪದವೆನ್ನುತ್ತಿದ್ದೇವೆ. ಪೆಟ್ಟಿಗೆ ಕಾವಲಿಲ್ಲದೆಯೂ ಚೆನ್ನಾಗಿಯೇ ಕೆಲಸ ಮಾಡುತ್ತದೆ: ಗಂಟೆ ಬಾರಿಸುತ್ತದೆ, ಮಾತು ಕೇಳಿಸುತ್ತದೆ, ಕರೆಗಳು ಹೋಗುತ್ತವೆ, ಬರುತ್ತವೆ. ಅದರ ಬಾಗಿಲು ತೆರೆದಿದೆಯೆಂದು ಶಂಕಿಸಲು ಕಾರಣವೇ ಕಾಣುವುದಿಲ್ಲ. ಹಾಗಾದರೆ ಇಂತಹ ದೋಷವನ್ನು ಕಂಡುಹಿಡಿಯುವುದು ಹೇಗೆ? ಕಂಡ ಮೇಲೆ ಅದರ ಕಾರಣವನ್ನು ಗೊತ್ತುಮಾಡುವುದು ಹೇಗೆ? ಈ ಎರಡು ಪ್ರಶ್ನೆಗಳನ್ನು ಈ ಲೇಖನದಲ್ಲಿ ವಿಚಾರಿಸೋಣ.

ಮಾತು ಸಂಖ್ಯೆಯಾಗುವ ಬಗೆ

ಮೊದಲು ಈ ಪೆಟ್ಟಿಗೆ ಏನು ಮಾಡುತ್ತದೆ ಎಂಬುದನ್ನು ತಿಳಿಯಬೇಕು. ಹಳೆಯ ದೂರವಾಣಿಯಲ್ಲಿ ನಮ್ಮ ದನಿಯ ಏರಿಳಿತಗಳು ವಿದ್ಯುತ್ತಿನ ಏರಿಳಿತಗಳಾಗಿ ತಾಮ್ರದ ತಂತಿಯಲ್ಲಿ ಹರಿಯುತ್ತಿದ್ದವು. ಅಂತರಜಾಲದಲ್ಲಿ ಹರಿಯುವುದಾದರೋ ಬರಿಯ ಸಂಖ್ಯೆಗಳು. ಆದುದರಿಂದ ಸಾಮಾನ್ಯ ದೂರವಾಣಿಗೂ ಅಂತರಜಾಲಕ್ಕೂ ನಡುವೆ ಒಂದು ದುಭಾಷಿ ಬೇಕಾಗುತ್ತದೆ. ಈ ಪೆಟ್ಟಿಗೆಯೇ ಆ ದುಭಾಷಿ. ಅದು ದನಿಯ ಎತ್ತರವನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ 8 ಬಿಟ್‌ಗಳ ಒಂದು ಸಂಖ್ಯೆಯಾಗಿ ಬರೆಯುತ್ತದೆ. ಹೀಗೆ ಒಂದು ಸೆಕೆಂಡಿನ ಮಾತು 64,000 ಬಿಟ್‌ಗಳಾಗುತ್ತದೆ. ಇವುಗಳನ್ನು ಸಾಮಾನ್ಯವಾಗಿ ಸೆಕೆಂಡಿಗೆ 50 ಕಟ್ಟುಗಳಂತೆ ಕಟ್ಟಿ, ಒಂದೊಂದರ ಮೇಲೂ ಸೇರಬೇಕಾದ ವಿಳಾಸವನ್ನು ಬರೆದು ಕಳುಹಿಸಲಾಗುತ್ತದೆ.

ಆದರೆ ಮಾತು ಆರಂಭವಾಗುವ ಮುನ್ನ ಯಾರು ಯಾರನ್ನು ಕರೆಯುತ್ತಿದ್ದಾರೆ ಎಂಬುದು ಇತ್ಯರ್ಥವಾಗಬೇಕಷ್ಟೆ. ಇದಕ್ಕಾಗಿ ಸಿಪ್ ಎಂಬ ನಿಯಮಾವಳಿಯೊಂದಿದೆ. 1999ರಲ್ಲಿ ಮೊದಲು ಪ್ರಕಟವಾಗಿ, 2002ರಲ್ಲಿ ಈಗಿನ ರೂಪವನ್ನು ತಳೆದ ಈ ನಿಯಮಾವಳಿಯಂತೆ, ಮನೆಯ ಪೆಟ್ಟಿಗೆ ಆಗಾಗ್ಗೆ ದೂರವಾಣಿ ಸಂಸ್ಥೆಯ ವಿನಿಮಯ ಕೇಂದ್ರಕ್ಕೆ ಒಂದು ಸಂದೇಶ ಕಳುಹಿಸಿ ತಾನು ಇಂತಹ ಸಂಖ್ಯೆಯ ಪೆಟ್ಟಿಗೆಯೆಂದೂ, ಇಂತಹ ವಿಳಾಸದಲ್ಲಿರುವೆನೆಂದೂ ಹೆಸರು ನೋಂದಾಯಿಸಿಕೊಳ್ಳುತ್ತದೆ. ಕೇಂದ್ರ ಅದನ್ನು ಕೂಡಲೇ ನಂಬುವುದಿಲ್ಲ. 401 ಎಂಬ ಸಂಖ್ಯೆಯುಳ್ಳ ಒಂದು ಉತ್ತರವನ್ನು ಕೊಡುತ್ತದೆ. ‘ನೀನು ಯಾರೆಂಬುದನ್ನು ರುಜುವಾತುಪಡಿಸು’ ಎಂಬುದೇ ಅದರ ಅರ್ಥ. ಜೊತೆಗೆ ಪ್ರತಿಸಲವೂ ಬದಲಾಗುವ ಒಂದು ಸವಾಲನ್ನು ಒಡ್ಡುತ್ತದೆ.

ಈ ಸವಾಲು-ಜವಾಬಿನ ಕ್ರಮ ಬಹು ಸ್ವಾರಸ್ಯವಾದುದು. ಒಂದು ಸುಲಭ ಉದಾಹರಣೆಯಿಂದ ಇದನ್ನು ಗ್ರಹಿಸಬಹುದು. ಕೇಂದ್ರಕ್ಕೂ ಪೆಟ್ಟಿಗೆಗೂ ಮಾತ್ರ ಗೊತ್ತಿರುವ ಗುಟ್ಟಿನ ಸಂಖ್ಯೆ 37 ಎಂದಿಟ್ಟುಕೊಳ್ಳೋಣ. ಕೇಂದ್ರ 58 ಎಂದು ಕೇಳುತ್ತದೆ. ಪೆಟ್ಟಿಗೆ 37ನ್ನು 58ರಿಂದ ಗುಣಿಸಿ, ಬಂದ 2146ರ ಕೊನೆಯ ಎರಡು ಅಂಕಿಗಳಾದ 46ನ್ನು ಮಾತ್ರ ಹೇಳುತ್ತದೆ. ಇನ್ನೊಮ್ಮೆ ಕೇಂದ್ರ 71 ಎಂದರೆ 2627 ಬರುವುದರಿಂದ ಉತ್ತರ 27. ಗುಟ್ಟಿನ ಸಂಖ್ಯೆ ತಂತಿಯ ಮೇಲೆ ಒಮ್ಮೆಯೂ ಹೋಗಲಿಲ್ಲ. ಆದರೂ ಅದು ಪೆಟ್ಟಿಗೆಗೆ ತಿಳಿದಿದೆಯೆಂಬುದು ಸಿದ್ಧವಾಯಿತು. ನಮ್ಮ ಈ ಆಟದ ಲೆಕ್ಕವನ್ನು ಜಾಣನಾದ ಹುಡುಗನೊಬ್ಬ ಹಿಮ್ಮೊಗವಾಗಿ ಬಿಡಿಸಿಬಿಡಬಹುದು. ನಿಜವಾದ ಕ್ರಮದಲ್ಲಿ ಬಳಸುವ ಲೆಕ್ಕವನ್ನಾದರೋ ಹಾಗೆ ಹಿಮ್ಮೊಗವಾಗಿ ಬಿಡಿಸಲು ಬಾರದು.

ಇಷ್ಟನ್ನು ಏಕೆ ವಿವರಿಸಿದೆವೆಂದರೆ, ನಮ್ಮ ವಿಷಯದ ವೈಚಿತ್ರ್ಯ ಇಲ್ಲಿಯೇ ಇದೆ. ಹೊರಗಿನ ಕೇಂದ್ರದ ಮುಂದೆ ಪ್ರತಿಸಲವೂ ತನ್ನ ಗುರುತನ್ನು ಒಪ್ಪಿಸುವ ಈ ಪೆಟ್ಟಿಗೆ, ತನ್ನ ಬಳಿಗೆ ಬಂದವರ ಗುರುತನ್ನು ಎಷ್ಟೋ ವೇಳೆ ಕೇಳುವುದೇ ಇಲ್ಲ.

ಒಂದು ಪೆಟ್ಟಿಗೆ, ಎರಡು ಬಾಗಿಲು

ಪೆಟ್ಟಿಗೆಯ ಬಳಿಗೆ ಬರುವುದೆಂದರೆ ಏನು? ಇಂತಹ ಪ್ರತಿಯೊಂದು ಪೆಟ್ಟಿಗೆಯೂ ತನ್ನೊಳಗೆ ಒಂದು ಪುಟ್ಟ ಜಾಲಪುಟವನ್ನು ಇಟ್ಟುಕೊಂಡಿರುತ್ತದೆ. ಮನೆಯ ಕಂಪ್ಯೂಟರಿನ ಬ್ರೌಸರಿನಲ್ಲಿ ಪೆಟ್ಟಿಗೆಯ ವಿಳಾಸವನ್ನು, ಉದಾಹರಣೆಗೆ 192.168.1.20 ಎಂದು, ಬರೆದರೆ ಆ ಪುಟ ತೆರೆದುಕೊಳ್ಳುತ್ತದೆ. ದೂರವಾಣಿ ಸಂಖ್ಯೆ, ವಿನಿಮಯ ಕೇಂದ್ರದ ವಿಳಾಸ, ಕರೆಗಳನ್ನು ಬೇರೆಡೆಗೆ ತಿರುಗಿಸುವ ಏರ್ಪಾಟು ಮುಂತಾದ ಎಲ್ಲ ಹೊಂದಿಕೆಗಳೂ ಅಲ್ಲಿರುತ್ತವೆ.

ಮಾದರಿಗಾಗಿ ಅಮೆರಿಕದ ಸಿಪೂರಾ ಎಂಬ ಸಂಸ್ಥೆ ರೂಪಿಸಿದ ಪೆಟ್ಟಿಗೆಗಳನ್ನು ತೆಗೆದುಕೊಳ್ಳೋಣ. 2005ರಲ್ಲಿ ಈ ಸಂಸ್ಥೆಯನ್ನು ಸಿಸ್ಕೋ ಕೊಂಡುಕೊಂಡಿತು. ಬಳಿಕ ಲಿಂಕ್‌ಸಿಸ್ ಎಂಬ ಹೆಸರಿನಲ್ಲಿ ಇದೇ ವಂಶದ ಪೆಟ್ಟಿಗೆಗಳು ಬಹಳವಾಗಿ ಮಾರಾಟವಾದವು. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಲ್ಲಿ ಕೆಲವರು ಇಂತಹ ಪೆಟ್ಟಿಗೆಯನ್ನು ಊರಿಗೂ ಹೊತ್ತು ತಂದುದುಂಟು. ಅಲ್ಲಿಯ ಸಂಖ್ಯೆಗೆ ಬಂದ ಕರೆ ಬೆಂಗಳೂರಿನ ಮನೆಯಲ್ಲಿ ಗಂಟೆ ಬಾರಿಸುತ್ತಿತ್ತು. ಇವುಗಳ ತಯಾರಿಕೆ ನಿಂತಿದೆಯಾದರೂ ಇವುಗಳ ರಚನೆ ನಮ್ಮ ವಿಚಾರಕ್ಕೆ ಒಳ್ಳೆಯ ಪಾಠವಾಗಿದೆ.

ಈ ಪೆಟ್ಟಿಗೆಗೆ ಎರಡು ಬಾಗಿಲುಗಳು. ಒಂದು ಸಾಮಾನ್ಯ ಬಳಕೆದಾರನದು; ಇದರ ಹೆಸರು ‘ಯೂಸರ್’. ಇನ್ನೊಂದು ಮೇಲ್ವಿಚಾರಕನದು, ಇದರ ಹೆಸರು ‘ಅಡ್ಮಿನ್’. ಎರಡಕ್ಕೂ ಪ್ರತ್ಯೇಕ ಗುಪ್ತಪದಗಳನ್ನು ಇಡಬಹುದು. ಆದರೆ ಕಾರ್ಖಾನೆಯಿಂದ ಹೊರಬರುವಾಗ ಎರಡರ ಗುಪ್ತಪದದ ಸ್ಥಾನವೂ ಖಾಲಿ. ಖಾಲಿ ಇದ್ದರೆ ಪೆಟ್ಟಿಗೆ ಏನನ್ನೂ ಕೇಳದೆ ಒಳಗೆ ಬಿಡುತ್ತದೆ. ಮೊದಲ ದಿನ ಮನೆಯವರು ತೊಂದರೆಪಡದೆ ಪೆಟ್ಟಿಗೆಯನ್ನು ಹೂಡಿಕೊಳ್ಳಲೆಂದು ಮಾಡಿದ ಅನುಕೂಲವಿದು. ಮೊದಲ ದಿನದ ಅನುಕೂಲ ಮುಂದಿನ ವರ್ಷಗಳಿಗೂ ಹಾಗೆಯೇ ಉಳಿದುಬಿಡುವುದೇ ಅಪಾಯದ ಮೂಲ.

ದೋಷದ ಶೋಧನೆ

ಈಗ ಒಬ್ಬರು ಪೆಟ್ಟಿಗೆಯ ವಿಳಾಸವನ್ನು ಬ್ರೌಸರಿನಲ್ಲಿ ಬರೆದರೆನ್ನಿ. ಹೆಸರನ್ನೂ ಗುಪ್ತಪದವನ್ನೂ ಕೇಳಬೇಕಾಗಿದ್ದ ಪುಟ ಏನನ್ನೂ ಕೇಳದೆ ತೆರೆದುಕೊಂಡಿತು. ಕಾರಣವೇನು? ವೈದ್ಯನು ಜ್ವರವೊಂದನ್ನೇ ನೋಡಿ ಔಷಧ ಬರೆಯುವುದಿಲ್ಲ. ಜ್ವರ ತರುವ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕುತ್ತ ಹೋಗುತ್ತಾನೆ. ಇಲ್ಲಿಯೂ ಅದೇ ಕ್ರಮವನ್ನು ಅನುಸರಿಸಬೇಕು.

ಮೊದಲನೆಯದಾಗಿ, ತೆರೆದ ಪುಟ ಆ ಪೆಟ್ಟಿಗೆಯದೇ ಹೌದೇ ಎಂಬುದನ್ನು ನೋಡಬೇಕು. ಮನೆಯೊಳಗಿನ ವಿಳಾಸಗಳನ್ನು ಹಂಚುವುದು ರೂಟರ್. ಅದು ಇಂದು ಒಂದು ಪೆಟ್ಟಿಗೆಗೆ ಕೊಟ್ಟ ವಿಳಾಸವನ್ನು ನಾಳೆ ಬೇರೊಂದು ಉಪಕರಣಕ್ಕೆ ಕೊಡಬಹುದು. ಸಿಪೂರಾ ವಂಶದ ಪೆಟ್ಟಿಗೆಗಳಲ್ಲಿ ಇದಕ್ಕೆ ಚಮತ್ಕಾರದ ಉಪಾಯವೊಂದಿದೆ. ಪೆಟ್ಟಿಗೆಗೆ ಜೋಡಿಸಿದ ದೂರವಾಣಿಯನ್ನೆತ್ತಿ ನಕ್ಷತ್ರದ ಗುಂಡಿಯನ್ನು ನಾಲ್ಕು ಸಲ ಒತ್ತಿದರೆ ಇಂಗ್ಲಿಷಿನಲ್ಲಿ ಒಂದು ದನಿ ಮಾತನಾಡುತ್ತದೆ. ಆಗ 110# ಎಂದು ಒತ್ತಿದರೆ ಪೆಟ್ಟಿಗೆಯು ತನ್ನ ವಿಳಾಸವನ್ನು ತಾನೇ ಓದಿ ಹೇಳುತ್ತದೆ.

ಎರಡನೆಯದಾಗಿ, ಪೆಟ್ಟಿಗೆಗಿಂತ ಮೊದಲು ಬ್ರೌಸರನ್ನು ಶಂಕಿಸಬೇಕು. ಇದು ಹಲವರಿಗೆ ಹೊಳೆಯದ ಸಂಗತಿಯಾದುದರಿಂದ ತುಸು ವಿಸ್ತಾರವಾಗಿ ನೋಡೋಣ. ಜಾಲಪುಟಗಳನ್ನು ತರಿಸುವ ನಿಯಮದಲ್ಲಿ ಪ್ರತಿಯೊಂದು ಕೋರಿಕೆಯೂ ಬಿಡಿಯಾದುದು. ಹಿಂದಿನ ಕೋರಿಕೆಯನ್ನು ಕಳುಹಿಸಿದವರು ಯಾರೆಂಬ ನೆನಪು ಪೆಟ್ಟಿಗೆಗೆ ಇರುವುದಿಲ್ಲ. ಕಾವಲಿರುವ ಪೆಟ್ಟಿಗೆ ಮೊದಲ ಕೋರಿಕೆಗೆ 401 ಎಂಬ ಉತ್ತರವನ್ನೇ ಕೊಡುತ್ತದೆ. ವಿನಿಮಯ ಕೇಂದ್ರ ಪೆಟ್ಟಿಗೆಗೆ ಕೊಟ್ಟ ಅದೇ ಸಂಖ್ಯೆಯ ಉತ್ತರ! ಸಿಪ್ ನಿಯಮಾವಳಿ ಜಾಲಪುಟದ ನಿಯಮಾವಳಿಯನ್ನು ನೋಡಿಯೇ ರಚಿತವಾದುದರಿಂದ ಈ ಸಾಮ್ಯ. ಉತ್ತರ ಬಂದೊಡನೆ ಬ್ರೌಸರ್ ನಮ್ಮಿಂದ ಹೆಸರನ್ನೂ ಗುಪ್ತಪದವನ್ನೂ ಕೇಳಿಕೊಳ್ಳುತ್ತದೆ. ಪ್ರತಿಯೊಂದು ಪುಟಕ್ಕೂ ಹೀಗೆ ಕೇಳುತ್ತ ಹೋದರೆ ಬಳಸುವವರಿಗೆ ಬೇಸರ ಬಂದೀತು. ಆದುದರಿಂದ ಅದು ಒಮ್ಮೆ ಕೇಳಿದುದನ್ನು ನೆನಪಿನಲ್ಲಿಟ್ಟುಕೊಂಡು, ತನ್ನನ್ನು ಪೂರ್ತಿಯಾಗಿ ಮುಚ್ಚುವವರೆಗೂ ಪ್ರತಿ ಕೋರಿಕೆಯ ಜೊತೆಗೂ ತಾನೇ ಸಲ್ಲಿಸುತ್ತದೆ. ಬಳಕೆದಾರರು ‘ಉಳಿಸಿಕೋ’ ಎಂದಿದ್ದರೆ ಮುಂದಿನ ದಿನಗಳಿಗೂ ಕಾದಿಡುತ್ತದೆ.

ಇದರಿಂದ ಎರಡು ಬಗೆಯ ಭ್ರಮೆಗಳು ಉಂಟಾಗುತ್ತವೆ. ಕಾವಲು ಇದ್ದರೂ ಇಲ್ಲವೆಂದು ಅಂಜಬಹುದು. ಅದಕ್ಕಿಂತ ಕೆಟ್ಟುದೆಂದರೆ, ನಿಜವಾಗಿ ಕಾವಲು ಇಲ್ಲದಿದ್ದಾಗಲೂ ‘ಬ್ರೌಸರ್ ನೆನಪಿಟ್ಟುಕೊಂಡಿರಬೇಕು’ ಎಂದು ಸಮಾಧಾನ ತಂದುಕೊಳ್ಳಬಹುದು. ಈ ಸಂದೇಹವನ್ನು ನಿವಾರಿಸುವ ದಾರಿ ಒಂದೇ: ಪೆಟ್ಟಿಗೆಯನ್ನು ಹಿಂದೆಂದೂ ನೋಡದ ಇನ್ನೊಂದು ಬ್ರೌಸರಿನಿಂದಲೋ, ಮನೆಯ ವೈಫೈಗೆ ಸೇರಿದ ಬೇರೊಂದು ಮೊಬೈಲಿನಿಂದಲೋ ಅದೇ ವಿಳಾಸವನ್ನು ತೆರೆದು ನೋಡಬೇಕು. ಅಲ್ಲಿಯೂ ಏನನ್ನೂ ಕೇಳದೆ ಪುಟ ತೆರೆದರೆ ದೋಷ ನಿಜ.

ಈ ಪರೀಕ್ಷೆಯಲ್ಲಿ ಒಂದು ಸಾಮಾನ್ಯ ತತ್ತ್ವ ಅಡಗಿದೆ. ಬೀಗ ಸರಿಯಾಗಿದೆಯೇ ಎಂಬುದನ್ನು ಕೀಲಿಕೈ ಹಿಡಿದವನು ಪರೀಕ್ಷಿಸಲಾರ. ಅವನಿಗೆ ಎಲ್ಲ ಬಾಗಿಲುಗಳೂ ತೆರೆದುಕೊಳ್ಳುತ್ತವೆ. ಕೀಲಿಕೈ ಇಲ್ಲದವನಾಗಿ ನಿಂತು ಬಾಗಿಲನ್ನು ತಳ್ಳಿ ನೋಡಬೇಕು.

ಮೂರನೆಯದಾಗಿ, ಎರಡು ಬಾಗಿಲುಗಳಲ್ಲಿ ಒಂದಕ್ಕೆ ಮಾತ್ರ ಬೀಗ ಬಿದ್ದಿದೆಯೇ ಎಂದು ನೋಡಬೇಕು. ಮೇಲ್ವಿಚಾರಕನ ಗುಪ್ತಪದವನ್ನು ಇಟ್ಟು, ಬಳಕೆದಾರನ ಸ್ಥಾನವನ್ನು ಖಾಲಿ ಬಿಟ್ಟರೆ ಸಾಮಾನ್ಯ ಪುಟ ಎಂದಿನಂತೆ ತೆರೆದೇ ಇರುತ್ತದೆ. ‘ಗುಪ್ತಪದ ಇಟ್ಟೆವಲ್ಲ, ಏಕೆ ಕೇಳುತ್ತಿಲ್ಲ?’ ಎಂಬ ಪ್ರಶ್ನೆಗೆ ಎಷ್ಟೋ ವೇಳೆ ಇದೇ ಉತ್ತರ. ಚಿಕ್ಕ ಬಾಗಿಲು ತಾನೇ ಎಂದು ಇದನ್ನು ಉಪೇಕ್ಷಿಸಲಾಗದು. ಕರೆಗಳನ್ನೆಲ್ಲ ಬೇರೊಂದು ಸಂಖ್ಯೆಗೆ ತಿರುಗಿಸುವ ಏರ್ಪಾಟು ಇರುವುದು ಈ ಬಳಕೆದಾರನ ಪುಟದಲ್ಲಿಯೇ.

ನಾಲ್ಕನೆಯದಾಗಿ, ಬರೆದುದು ಉಳಿಯಿತೇ ಎಂಬುದನ್ನು ವಿಚಾರಿಸಬೇಕು. ಗುಪ್ತಪದವನ್ನು ಪುಟದಲ್ಲಿ ಬರೆದ ಮಾತ್ರಕ್ಕೆ ಅದು ಪೆಟ್ಟಿಗೆಗೆ ತಲಪುವುದಿಲ್ಲ. ಪುಟದ ಕೆಳಗಿರುವ ‘ಸಬ್‌ಮಿಟ್ ಆಲ್ ಚೇಂಜಸ್’ ಎಂಬ ಗುಂಡಿಯನ್ನು ಒತ್ತಬೇಕು. ಆಗ ಪೆಟ್ಟಿಗೆ ಬದಲಾವಣೆಯನ್ನು ತನ್ನ ಸ್ಥಿರಸ್ಮೃತಿಯಲ್ಲಿ ಬರೆದುಕೊಂಡು, ತಾನಾಗಿ ಒಮ್ಮೆ ನಿಂತು ಮತ್ತೆ ಆರಂಭವಾಗುತ್ತದೆ. ಗುಂಡಿಯನ್ನು ಒತ್ತದೆ ಬೇರೊಂದು ಪುಟಕ್ಕೆ ಹೋದರೆ ಬರೆದುದೆಲ್ಲ ವ್ಯರ್ಥ.

ಐದನೆಯದಾಗಿ, ಇಟ್ಟ ಗುಪ್ತಪದವನ್ನು ಮತ್ತಾರೋ ಅಳಿಸುತ್ತಿರಬಹುದು. ದೂರವಾಣಿ ಸಂಸ್ಥೆಗಳು ತಮ್ಮ ಗ್ರಾಹಕರ ಪೆಟ್ಟಿಗೆಗಳನ್ನು ದೂರದಿಂದಲೇ ಹೊಂದಿಸುವ ಪದ್ಧತಿಯಿದೆ. ಪೆಟ್ಟಿಗೆಯು ನಿಗದಿಯಾದ ಅವಧಿಗೊಮ್ಮೆ ಸಂಸ್ಥೆಯ ಕಂಪ್ಯೂಟರಿನಿಂದ ಒಂದು ಕಡತವನ್ನು ತರಿಸಿಕೊಂಡು ಅದರಲ್ಲಿರುವಂತೆ ತನ್ನನ್ನು ತಿದ್ದಿಕೊಳ್ಳುತ್ತದೆ. ಆ ಕಡತದಲ್ಲಿ ಗುಪ್ತಪದದ ಸ್ಥಾನ ಖಾಲಿಯಾಗಿದ್ದರೆ ನಾವು ಬೆಳಿಗ್ಗೆ ಇಟ್ಟ ಬೀಗ ಸಂಜೆಯ ಹೊತ್ತಿಗೆ ಮಾಯವಾಗಬಹುದು. ಸಂಸ್ಥೆಯವರಿಗೆ ತಿಳಿಸುವುದೇ ಇದಕ್ಕೆ ಪರಿಹಾರ. ಯಾರಾದರೂ ಪೆಟ್ಟಿಗೆಯನ್ನು ಕಾರ್ಖಾನೆಯ ಮೂಲಸ್ಥಿತಿಗೆ ಮರಳಿಸಿದ್ದರೂ ಇದೇ ಪರಿಣಾಮ. ಸಿಪೂರಾ ಪೆಟ್ಟಿಗೆಯಲ್ಲಿ ಇದಕ್ಕೆ ಒತ್ತಬೇಕಾದ ಸಂಖ್ಯೆ 73738#. ದೂರವಾಣಿಯ ಗುಂಡಿಗಳ ಮೇಲಿರುವ ಇಂಗ್ಲಿಷ್ ಅಕ್ಷರಗಳನ್ನು ನೋಡಿದರೆ ಈ ಐದು ಅಂಕಿಗಳು ‘ರಿಸೆಟ್’ ಎಂಬ ಪದದ ಕಾಗುಣಿತವೆಂಬುದು ತಿಳಿಯುತ್ತದೆ. ಗುಪ್ತಪದ ಮರೆತವರಿಗೆ ಇದು ಕೊನೆಯ ದಾರಿಯೂ ಹೌದು. ಆದರೆ ದೂರವಾಣಿ ಖಾತೆಯ ವಿವರಗಳೂ ಅದರೊಡನೆ ಅಳಿಸಿಹೋಗುವುದರಿಂದ ಅವುಗಳನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು.

ಆರನೆಯ ಕಾರಣ ಮನೆಯವರ ಕೈ ಮೀರಿದುದು: ಪೆಟ್ಟಿಗೆಯೊಳಗಿನ ಕ್ರಮವಿಧಿಯಲ್ಲಿಯೇ ದೋಷವಿರುವುದು. 2023ರ ಮೇ ತಿಂಗಳಿನಲ್ಲಿ ಸಿಸ್ಕೋ ಸಂಸ್ಥೆ ತನ್ನ ಎಸ್‌ಪಿಎ112 ಎಂಬ ದೂರವಾಣಿ ಪೆಟ್ಟಿಗೆಯ ಬಗೆಗೆ ಇಂತಹ ಒಂದು ಎಚ್ಚರಿಕೆಯನ್ನು ಪ್ರಕಟಿಸಿತು. ಪೆಟ್ಟಿಗೆಯ ಕ್ರಮವಿಧಿಯನ್ನು ಹೊಸದಾಗಿ ತುಂಬುವ ಭಾಗದಲ್ಲಿ ಗುರುತು ಕೇಳುವ ಹಂತವೇ ಬಿಟ್ಟುಹೋಗಿತ್ತು. ಹೊರಗಿನವನೊಬ್ಬನು ಗುಪ್ತಪದವಿಲ್ಲದೆ ತನ್ನದೇ ಕ್ರಮವಿಧಿಯನ್ನು ಅದರಲ್ಲಿ ತುಂಬಬಹುದಾಗಿತ್ತು. ದೋಷದ ತೀವ್ರತೆಯನ್ನು 10ರಲ್ಲಿ 9.8 ಎಂದು ಗಣಿಸಲಾಯಿತು. ಆ ಪೆಟ್ಟಿಗೆಯ ಮಾರಾಟ 2020ರಲ್ಲಿಯೇ ನಿಂತಿದ್ದುದರಿಂದ ದೋಷವನ್ನು ತಿದ್ದುವ ಕ್ರಮವಿಧಿಯನ್ನು ಹೊರತರುವುದಿಲ್ಲವೆಂದೂ ಸಂಸ್ಥೆ ತಿಳಿಸಿತು. ಇಂತಹ ಸಂದರ್ಭದಲ್ಲಿ ಎಷ್ಟು ಬಿಗಿಯಾದ ಗುಪ್ತಪದವನ್ನಿಟ್ಟರೂ ಪ್ರಯೋಜನವಿಲ್ಲ. ಪೆಟ್ಟಿಗೆಗೆ ವಿಶ್ರಾಂತಿ ಕೊಡುವುದೊಂದೇ ಉಪಾಯ.

ಹಜಾರದ ಬಾಗಿಲೋ, ಬೀದಿಯ ಬಾಗಿಲೋ?

ದೋಷ ನಿಜವೆಂದು ಸಿದ್ಧವಾದ ಮೇಲೆ ಏಳುವ ಪ್ರಶ್ನೆ: ಈ ತೆರೆದ ಬಾಗಿಲಿನ ಬಳಿಗೆ ಯಾರು ಬರಬಲ್ಲರು? ಮನೆಯ ಹಜಾರಕ್ಕೆ ತೆರೆಯುವ ಬಾಗಿಲಿಗೂ ಬೀದಿಗೆ ತೆರೆಯುವ ಬಾಗಿಲಿಗೂ ವ್ಯತ್ಯಾಸವಿದೆ. 192.168ರಿಂದ ಆರಂಭವಾಗುವ ವಿಳಾಸಗಳು ಮನೆಯೊಳಗಿನ ಬಳಕೆಗೆ ಮೀಸಲಾದವು. ಮನೆಯ ಎಲ್ಲ ಉಪಕರಣಗಳ ಪರವಾಗಿ ಹೊರಗಿನ ಪ್ರಪಂಚಕ್ಕೆ ಕಾಣುವುದು ರೂಟರಿನ ಒಂದು ವಿಳಾಸ ಮಾತ್ರ. ಹೊರಗಿನಿಂದ ತಾನಾಗಿ ಬಂದ ಕೋರಿಕೆಯನ್ನು ಯಾರಿಗೆ ತಲಪಿಸಬೇಕೆಂಬುದು ರೂಟರಿಗೆ ತಿಳಿಯದಾದುದರಿಂದ ಅದು ಸಾಮಾನ್ಯವಾಗಿ ಅಲ್ಲಿಯೇ ನಿಂತುಹೋಗುತ್ತದೆ.

ಆದರೆ ಇದೇ ಏರ್ಪಾಟು ದೂರವಾಣಿಗೆ ಒಮ್ಮೊಮ್ಮೆ ತೊಡಕಾಗುತ್ತದೆ. ಆಚೆಯವರಿಗೆ ನಮ್ಮ ಮಾತು ಕೇಳಿಸುತ್ತದೆ. ಅವರ ಮಾತು ಮಾತ್ರ ನಮಗೆ ಕೇಳಿಸುವುದಿಲ್ಲ. ಅವರ ದನಿಯನ್ನು ಹೊತ್ತ ಕಟ್ಟುಗಳು ರೂಟರಿನವರೆಗೆ ಬಂದು ಅಲ್ಲಿಯೇ ಬಿದ್ದುಹೋಗುವುದೇ ಇದಕ್ಕೆ ಕಾರಣ. ಇದನ್ನು ನೀಗಿಸಲು ಕೆಲವರು ಸುಲಭದ ಹಾದಿಯೊಂದನ್ನು ಹಿಡಿಯುತ್ತಾರೆ. ರೂಟರಿನಲ್ಲಿ ಡಿಎಂಜೆಡ್ ಎಂಬ ಹೊಂದಿಕೆಯಿರುತ್ತದೆ. ಅಲ್ಲಿ ಪೆಟ್ಟಿಗೆಯ ವಿಳಾಸವನ್ನು ಬರೆದರೆ, ಹೊರಗಿನಿಂದ ಬಂದ ಗೊತ್ತುಗುರಿಯಿಲ್ಲದ ಕೋರಿಕೆಗಳೆಲ್ಲ ಆ ಪೆಟ್ಟಿಗೆಗೇ ಹೋಗುತ್ತವೆ. ಮಾತು ಎರಡೂ ಕಡೆಗೆ ಕೇಳಿಸತೊಡಗುತ್ತದೆ, ಮನೆಯವರು ಸಂತೋಷಪಡುತ್ತಾರೆ. ಆದರೆ ದನಿಯ ಜೊತೆಗೆ ಪೆಟ್ಟಿಗೆಯ ಜಾಲಪುಟವೂ ಜಗತ್ತಿಗೆಲ್ಲ ತೆರೆದುಕೊಂಡಿತೆಂಬುದು ಅವರಿಗೆ ಹೊಳೆಯುವುದಿಲ್ಲ. ಗದ್ದಲದ ದೋಷವೊಂದನ್ನು ನೀಗಿಸಹೋಗಿ ಮೌನದ ದೋಷವೊಂದನ್ನು ತಂದುಕೊಂಡಂತಾಯಿತು.

ಪರೀಕ್ಷೆ ಸುಲಭ. ರೂಟರಿನ ಹೊರವಿಳಾಸವನ್ನು ತಿಳಿದುಕೊಂಡು, ಮೊಬೈಲನ್ನು ಮನೆಯ ವೈಫೈಯಿಂದ ಬಿಡಿಸಿ, ಮೊಬೈಲ್ ಕಂಪನಿಯ ಜಾಲದಿಂದ ಆ ವಿಳಾಸವನ್ನು ತೆರೆಯಬೇಕು. ಪೆಟ್ಟಿಗೆಯ ಪುಟ ಕಾಣಿಸಿಕೊಂಡರೆ ಬಾಗಿಲು ಬೀದಿಗೇ ತೆರೆದಿದೆ. ಆಗ ಡಿಎಂಜೆಡ್ ಹೊಂದಿಕೆಯನ್ನು ಕೂಡಲೇ ತೆಗೆದುಹಾಕಬೇಕು. ಸಿಪೂರಾ ವಂಶದ ಕೆಲವು ಪೆಟ್ಟಿಗೆಗಳು ತಾವೇ ರೂಟರಿನ ಕೆಲಸವನ್ನೂ ಮಾಡುತ್ತವೆ. ಅವುಗಳಲ್ಲಿ ಹೊರಬದಿಯ ಜಾಲಪುಟಕ್ಕೆ ಪ್ರತ್ಯೇಕ ಅಗುಳಿಯೇ ಇದ್ದು, ದೂರವಾಣಿಯಿಂದ 7932# ಒತ್ತಿ, ಬಳಿಕ 0 ಒತ್ತಿದರೆ ಅದು ಮುಚ್ಚಿಕೊಳ್ಳುತ್ತದೆ. ಈ ಪರೀಕ್ಷೆಯನ್ನು ನಮ್ಮ ಮನೆಯ ವಿಳಾಸದ ಮೇಲೆ ಮಾತ್ರ ಮಾಡಬೇಕು. ನೆರೆಯವರ ಬಾಗಿಲನ್ನು ಅವರ ಅಪ್ಪಣೆಯಿಲ್ಲದೆ ತಳ್ಳಿ ನೋಡುವುದು ಕುತೂಹಲದಿಂದಲೇ ಆದರೂ ಅಪರಾಧ.

ಹಾಗಾದರೆ ಹಜಾರಕ್ಕೆ ಮಾತ್ರ ತೆರೆದ ಬಾಗಿಲಿನಿಂದ ಅಪಾಯವಿಲ್ಲವೇ? ಇದೆ. ನಾವು ಯಾವುದೋ ಅಪರಿಚಿತ ಜಾಲಪುಟವನ್ನು ನೋಡುತ್ತಿರುವಾಗ, ಆ ಪುಟದಲ್ಲಿ ಅಡಗಿಸಿಟ್ಟ ಸೂಚನೆಯಂತೆ ನಮ್ಮ ಬ್ರೌಸರೇ ಮನೆಯೊಳಗಿನ ಪೆಟ್ಟಿಗೆಗೆ ಒಂದು ಆಜ್ಞೆಯನ್ನು ಕಳುಹಿಸಿಬಿಡಬಹುದು. ಗುಪ್ತಪದ ಕೇಳದ ಪೆಟ್ಟಿಗೆ ಅದನ್ನು ಯಜಮಾನನ ಮಾತೆಂದೇ ತಿಳಿದು ಪಾಲಿಸಬಹುದು. ಪೆಟ್ಟಿಗೆಯ ಕೆಲಸ ಮುಗಿದೊಡನೆ ಬ್ರೌಸರನ್ನು ಪೂರ್ತಿಯಾಗಿ ಮುಚ್ಚಬೇಕೆಂದು ತಿಳಿದವರು ಹೇಳುವುದೂ ಈ ಕಾರಣದಿಂದಲೇ. ಬ್ರೌಸರ್ ನೆನಪಿಟ್ಟುಕೊಂಡ ಗುಪ್ತಪದ ಇಂತಹ ಕಳ್ಳ ಆಜ್ಞೆಗೂ ಅಂಟಿಕೊಂಡು ಹೋಗುವ ಸಂಭವವಿದೆ.

ನಷ್ಟದ ಸ್ವರೂಪ

ಹೊಂದಿಕೆಯ ಪುಟವನ್ನು ಹೊಕ್ಕ ಅಪರಿಚಿತನು ಮಾಡಬಹುದಾದುದೇನು? ಮನೆಗೆ ಬರುವ ಕರೆಗಳನ್ನೆಲ್ಲ ದೂರದ ದೇಶದ, ನಿಮಿಷಕ್ಕೆ ಹೆಚ್ಚಿನ ದರವಿರುವ ಸಂಖ್ಯೆಯೊಂದಕ್ಕೆ ತಿರುಗಿಸಬಹುದು. ಹೀಗೆ ತಿರುಗಿಸಿದ ಕರೆಯ ವೆಚ್ಚ ಬೀಳುವುದು ಮನೆಯವರ ಖಾತೆಯ ಮೇಲೆ. ಅದರ ಒಂದು ಪಾಲು ಆ ಸಂಖ್ಯೆಯನ್ನು ನಡೆಸುವವರಿಗೆ ಸಲ್ಲುತ್ತದೆ. ದೂರವಾಣಿ ಪ್ರಪಂಚದಲ್ಲಿ ಇದು ಹಳೆಯ ಮೋಸ. ಬ್ಯಾಂಕಿನಿಂದ ದೂರವಾಣಿಯ ಮೂಲಕ ತಿಳಿಸುವ ಒಂದು ಸಲದ ಗುಪ್ತಸಂಖ್ಯೆ ಹೀಗೆ ತಿರುಗಿದ ಕರೆಯಲ್ಲಿ ಬೇರೆಯವರ ಕಿವಿಗೆ ಬೀಳಬಹುದು. ಮೇಲ್ವಿಚಾರಕನ ಬಾಗಿಲೂ ತೆರೆದಿದ್ದರೆ ವಿನಿಮಯ ಕೇಂದ್ರದ ವಿಳಾಸವನ್ನೇ ಬದಲಿಸಿ, ಮನೆಯ ಮಾತುಕತೆಯೆಲ್ಲ ತನ್ನ ಯಂತ್ರದ ಮೂಲಕ ಹಾದುಹೋಗುವಂತೆ ಮಾಡಬಹುದು. ಇವೆಲ್ಲ ನಡೆಯುತ್ತಿರುವಾಗಲೂ ದೂರವಾಣಿ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿರುತ್ತದೆ.

ಒಂದು ಮನೆಯ ಅಜಾಗರೂಕತೆ ಆ ಮನೆಗಷ್ಟೇ ಸೀಮಿತವಾಗಿಯೂ ಇರುವುದಿಲ್ಲ. 2016ರಲ್ಲಿ ಮಿರಾಯ್ ಎಂಬ ದುಷ್ಟ ಕ್ರಮವಿಧಿ ಅಂತರಜಾಲದಲ್ಲಿ ಹರಡಿತು. ಅದು ಕಾರ್ಖಾನೆಯವರು ಇಟ್ಟ ಹೆಸರು-ಗುಪ್ತಪದಗಳ ಸುಮಾರು 60 ಜೊತೆಗಳನ್ನು ಕೈಯಲ್ಲಿ ಹಿಡಿದು, ಕ್ಯಾಮೆರಾ, ರೂಟರ್ ಮುಂತಾದ ಮನೆಯ ಉಪಕರಣಗಳ ಬಾಗಿಲುಗಳನ್ನು ಒಂದೊಂದಾಗಿ ತಟ್ಟುತ್ತ ಹೋಯಿತು. ತೆರೆದ ಉಪಕರಣಗಳನ್ನೆಲ್ಲ ಒಂದು ಸೈನ್ಯವಾಗಿ ಕೂಡಿಸಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಇಂತಹ ಸೈನ್ಯ ಡೈನ್ ಎಂಬ ಸಂಸ್ಥೆಯ ಮೇಲೆ ಕೋರಿಕೆಗಳ ಪ್ರವಾಹವನ್ನೇ ಹರಿಸಿದಾಗ, ಟ್ವಿಟರ್, ನೆಟ್‌ಫ್ಲಿಕ್ಸ್ ಮೊದಲಾದ ತಾಣಗಳು ಅಮೆರಿಕದ ಹಲವೆಡೆ ಗಂಟೆಗಳ ಕಾಲ ತೆರೆಯದಾದವು.

ಮರುವರ್ಷವೇ ನಮ್ಮ ನಾಡಿಗೂ ಇದರ ಬಿಸಿ ತಟ್ಟಿತು. 2017ರ ಜುಲೈ ತಿಂಗಳ ಕೊನೆಯಲ್ಲಿ ಬಿ.ಎಸ್.ಎನ್.ಎಲ್. ಸಂಸ್ಥೆಯ ಕರ್ನಾಟಕ ವಲಯದ ಅಂತರಜಾಲ ಬಳಕೆದಾರರ ಮೋಡೆಮ್‌ಗಳು ಒಂದು ದುಷ್ಟ ಕ್ರಮವಿಧಿಯ ದಾಳಿಗೆ ಸಿಕ್ಕಿ ಕೆಲಸ ನಿಲ್ಲಿಸಿದವು. ಬಾಧೆಗೊಳಗಾದವು ಸುಮಾರು 60,000 ಮೋಡೆಮ್‌ಗಳೆಂದು ಆಗ ವರದಿಯಾಯಿತು. ಅವುಗಳಲ್ಲಿ ಹೆಸರೂ ‘ಅಡ್ಮಿನ್’, ಗುಪ್ತಪದವೂ ‘ಅಡ್ಮಿನ್’ ಎಂದೇ ಇದ್ದು, ಕಾರ್ಖಾನೆಯಿಂದ ಬಂದ ಮೇಲೆ ಯಾರೂ ಅದನ್ನು ಬದಲಿಸಿರಲಿಲ್ಲ. ಗುಪ್ತಪದವನ್ನು ಬದಲಿಸಬೇಕೆಂದು ಸಂಸ್ಥೆ ಗ್ರಾಹಕರಿಗೆ ಸೂಚಿಸಿತು. ಎಲ್ಲರಿಗೂ ತಿಳಿದ ಗುಪ್ತಪದಕ್ಕೂ ಖಾಲಿ ಸ್ಥಾನಕ್ಕೂ ಹೆಚ್ಚಿನ ಅಂತರವಿಲ್ಲವೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಾಗಿಲ್ಲ.

ಈ ಅನುಭವಗಳಿಂದ ಸರ್ಕಾರಗಳೂ ಎಚ್ಚೆತ್ತವು. 2020ರ ಜನವರಿ 1ರಿಂದ ಜಾರಿಗೆ ಬಂದ ಕ್ಯಾಲಿಫೋರ್ನಿಯದ ಕಾನೂನಿನಂತೆ, ಅಂತರಜಾಲಕ್ಕೆ ಸೇರುವ ಉಪಕರಣದಲ್ಲಿ ಒಂದೊಂದಕ್ಕೂ ಬೇರೆಬೇರೆ ಗುಪ್ತಪದವಿರಬೇಕು. ಇಲ್ಲವೇ ಮೊದಲ ಬಳಕೆಯಲ್ಲಿಯೇ ಹೊಸದನ್ನು ಇಡುವಂತೆ ಉಪಕರಣವೇ ಒತ್ತಾಯಿಸಬೇಕು. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಇಂತಹುದೇ ಕಾನೂನು ಜಾರಿಯಲ್ಲಿದೆ. ನಮ್ಮ ದೇಶದ ದೂರಸಂಪರ್ಕ ಎಂಜಿನಿಯರಿಂಗ್ ಕೇಂದ್ರವೂ 2021ರಲ್ಲಿ ಮನೆಬಳಕೆಯ ಉಪಕರಣಗಳಿಗಾಗಿ ಒಂದು ಆಚಾರಸಂಹಿತೆಯನ್ನು ಪ್ರಕಟಿಸಿದೆ. ಆದರೆ ಕಾನೂನಿಗಿಂತ ಮುಂಚೆ ಮಾರಾಟವಾದ ಪೆಟ್ಟಿಗೆಗಳು ಮನೆಗಳಲ್ಲಿ ಹಾಗೆಯೇ ಇವೆ; ಅವುಗಳ ಕಾವಲು ಮನೆಯವರದೇ ಹೊಣೆ.

ಎಂತಹ ಗುಪ್ತಪದ?

ಇನ್ನು ಗುಪ್ತಪದವನ್ನು ಆರಿಸುವ ವಿಚಾರ. ಇಲ್ಲಿ ಸ್ವಲ್ಪ ಗಣಿತ ನೆರವಾಗುತ್ತದೆ. ನಾಲ್ಕು ಅಂಕಿಗಳ ಗುಪ್ತಸಂಖ್ಯೆಯನ್ನಿಟ್ಟರೆ ಸಾಧ್ಯತೆಗಳು ಒಟ್ಟು 10,000. ಯಂತ್ರವೊಂದು ಸೆಕೆಂಡಿಗೆ 10ರಂತೆ ಊಹಿಸುತ್ತ ಹೋದರೆ 1,000 ಸೆಕೆಂಡುಗಳಲ್ಲಿ, ಎಂದರೆ 17 ನಿಮಿಷಗಳೊಳಗೆ, ಎಲ್ಲವನ್ನೂ ಮುಗಿಸುತ್ತದೆ. ಇದಕ್ಕೆ ಬದಲಾಗಿ ಇಂಗ್ಲಿಷಿನ 26 ಚಿಕ್ಕ ಅಕ್ಷರಗಳಿಂದ ಚೀಟಿ ಎತ್ತಿದಂತೆ ಎಂಟನ್ನು ಆರಿಸಿ ಜೋಡಿಸಿದರೆ ಸಾಧ್ಯತೆಗಳು 26ರ ಎಂಟನೆಯ ಘಾತ, ಎಂದರೆ ಸುಮಾರು 20,882 ಕೋಟಿ. ಅದೇ ವೇಗದಲ್ಲಿ ಇವೆಲ್ಲವನ್ನೂ ಊಹಿಸಲು 660 ವರ್ಷಗಳಿಗೂ ಮಿಕ್ಕಿ ಬೇಕು. ಆದರೆ ಈ ಲೆಕ್ಕ ಅಕ್ಷರಗಳು ಗೊತ್ತುಗುರಿಯಿಲ್ಲದೆ ಕೂಡಿದ್ದಾಗ ಮಾತ್ರ ನಿಜ. ಮಗಳ ಹೆಸರನ್ನೋ ಊರಿನ ಹೆಸರನ್ನೋ ಇಟ್ಟರೆ, ಊಹಿಸುವವನು ಹೆಸರುಗಳ ಪಟ್ಟಿಯನ್ನು ಹಿಡಿದು ಕೆಲವೇ ನಿಮಿಷಗಳಲ್ಲಿ ಗೆಲ್ಲಬಹುದು. ಇನ್ನೊಂದು ಎಚ್ಚರಿಕೆ: ಹಳೆಯ ಪೆಟ್ಟಿಗೆಗಳಿಗೆ ಗುಪ್ತಪದವು ಗೂಢಲಿಪಿಯ ಹೊದಿಕೆಯಿಲ್ಲದೆ ಸಾಗಬಹುದಾದುದರಿಂದ, ಬ್ಯಾಂಕಿಗೋ ಅಂಚೆಗೋ ಬಳಸುವ ಗುಪ್ತಪದವನ್ನು ಇಲ್ಲಿ ಎಂದೂ ಬಳಸಬಾರದು.

ಓದುಗರು ಮಾಡಬೇಕಾದುದು

ಸಿಪೂರಾ ಪೆಟ್ಟಿಗೆ ತಮ್ಮ ಮನೆಯಲ್ಲಿಲ್ಲವಲ್ಲ ಎಂದು ಓದುಗರು ಸುಮ್ಮನಾಗುವಂತಿಲ್ಲ. ಇಂದು ನಮ್ಮ ಪಟ್ಟಣಗಳ ಮನೆಗಳಿಗೆ ಗಾಜಿನ ಎಳೆಯ ಮೂಲಕ ಅಂತರಜಾಲ ಬರುತ್ತಿದೆ. ಆ ಎಳೆ ಬಂದು ಸೇರುವ ಪೆಟ್ಟಿಗೆಗಳಲ್ಲಿ ಹಲವಕ್ಕೆ ದೂರವಾಣಿಯ ಕಿಂಡಿಯೊಂದಿರುತ್ತದೆ. ಅದಕ್ಕೆ ಜೋಡಿಸಿದ ದೂರವಾಣಿ ಹಳೆಯ ತಾಮ್ರದ ತಂತಿಯದರಂತೆಯೇ ಕಂಡರೂ, ಒಳಗೆ ನಡೆಯುವುದು ನಾವು ಮೇಲೆ ವಿವರಿಸಿದ ಸಂಖ್ಯೆಗಳ ವ್ಯಾಪಾರವೇ. ಆ ಪೆಟ್ಟಿಗೆಗೂ ವಿಳಾಸವಿದೆ, ಜಾಲಪುಟವಿದೆ, ಗುಪ್ತಪದವಿದೆ. ಅನೇಕ ವೇಳೆ ಅದರ ಮೊದಲ ಗುಪ್ತಪದ ಪೆಟ್ಟಿಗೆಯ ತಳದ ಚೀಟಿಯ ಮೇಲೆಯೇ ಅಚ್ಚಾಗಿರುತ್ತದೆ.

ಆದುದರಿಂದ ಬಿಡುವಾದ ಒಂದು ದಿನ, ಮನೆಯ ಹಿರಿಯರಿಗೆ ತಿಳಿಸಿ, ಈ ಕೆಲಸವನ್ನು ಕೈಗೊಳ್ಳಬಹುದು. ಪೆಟ್ಟಿಗೆಯ ವಿಳಾಸವನ್ನು ಗೊತ್ತುಮಾಡಿಕೊಳ್ಳುವುದು. ಅದನ್ನು ಹಿಂದೆಂದೂ ನೋಡದ ಬ್ರೌಸರಿನಿಂದ ತೆರೆಯುವುದು. ಎರಡು ಬಾಗಿಲುಗಳಿದ್ದರೆ ಎರಡನ್ನೂ ತಳ್ಳಿ ನೋಡುವುದು. ಮೊಬೈಲ್ ಜಾಲದಿಂದ ಹೊರಬಾಗಿಲನ್ನು ಪರೀಕ್ಷಿಸುವುದು. ಕೊರತೆ ಕಂಡರೆ ಹೊಸ ಗುಪ್ತಪದವನ್ನಿಟ್ಟು, ಪೆಟ್ಟಿಗೆಯನ್ನು ಒಮ್ಮೆ ಆರಿಸಿ ಹೊತ್ತಿಸಿ, ಮತ್ತೆ ಅಪರಿಚಿತರಂತೆ ಬಂದು ನೋಡುವುದು. ಒಂದು ವಾರ ಕಳೆದ ಮೇಲೆ ಇನ್ನೊಮ್ಮೆ ನೋಡಿದರೆ, ಇಟ್ಟ ಗುಪ್ತಪದವನ್ನು ದೂರದ ಕಡತವೊಂದು ಅಳಿಸಿಹಾಕಿಲ್ಲವೆಂಬುದೂ ಖಚಿತವಾಗುತ್ತದೆ. ಹೊಂದಿಕೆಗಳನ್ನು ಸಂಸ್ಥೆಯವರೇ ಬಿಗಿಮಾಡಿಟ್ಟಿದ್ದರೆ ಅವರನ್ನು ಕೇಳಿ ತಿಳಿಯಬೇಕು.

ಈ ಪರೀಕ್ಷೆಗೆ ವಿಶೇಷ ಉಪಕರಣಗಳೇನೂ ಬೇಕಿಲ್ಲ. ಒಂದು ಬ್ರೌಸರೂ ಅರ್ಧ ಗಂಟೆಯ ತಾಳ್ಮೆಯೂ ಸಾಕು. ತಳ್ಳಿದಾಗ ಬಾಗಿಲು ತೆರೆಯದೆ, ‘ಯಾರು ನೀನು?’ ಎಂದು ಪೆಟ್ಟಿಗೆ ನಮ್ಮನ್ನೇ ಕೇಳಿದರೆ ಅದು ಸುಸ್ಥಿತಿಯಲ್ಲಿದೆಯೆಂದು ತಿಳಿಯಬೇಕು.